ಗಾಜಿನ ಬಾಟ್ಲಿ ಇಲ್ಲದೆ ವೈನ್ ಇಡೋದು ಹ್ಯಾಂಗ?

ನಮ್ಮೂರು ಚಿಮ್ಮನಚೋಡದ ಬಿಸಿಲಿನಾಗ ವೈನ್ ಉಳೀಬೇಕಂದ್ರ ಎರಡು ಮುಖ್ಯ ವೈರಿಗಳನ್ನ ತಡೀಬೇಕು: ಗಾಳಿ, ಬಿಸಿ. ಗಾಳಿ ತಾಗಿದ್ರ ಅಸಿಟೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ವೈನನ್ನ ವಿನೆಗರ್ ಮಾಡ್ತದ. ಬಿಸಿ ಏರಿದಷ್ಟೂ ಬಣ್ಣ, ರುಚಿ ಜಲ್ದಿ ಕೆಡ್ತಾವ. ನಮ್ಮ ಕಡಿ ಬ್ಯಾಸಿಗಿ 40 ಡಿಗ್ರಿ ದಾಟ್ತದ, ನೆನಪಿರಲಿ.

ಮನಿಯಾಗ ವೈನ್ ಮಾಡೋರಿಗೆ ಮೊದಲೇ ಹೇಳಿಬಿಡ್ತೀನಿ: ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ಮಾಡೋದು, ಮಾರೋದು ಅಪರಾಧ.

ಮಂಗಳೂರು ಕಡಿ ಕ್ರೈಸ್ತರ ಮನಿಗಳೊಳಗ ಕ್ರಿಸ್‌ಮಸ್ ವೈನಿಗೆ ಪಿಂಗಾಣಿ ಭರಣಿ ಬಳಸ್ತಾರ. ನಮ್ಮ ಉಪ್ಪಿನಕಾಯಿ ಭರಣಿನೇ ಅದು. ವೈನಿಗೆ ಆಗದ ಬೆಳಕು ಒಳಗ ಹೋಗಂಗಿಲ್ಲ. ಆದರ ಮುಚ್ಚಳ ಸಡಿಲ ಇರ್ತದ. ಹುದುಗಿಸ್ಲಿಕ್ಕ ಚಲೋ, ತಿಂಗಳುಗಟ್ಟಲೆ ಇಡ್ಲಿಕ್ಕ ಅಲ್ಲ.

ತಾಮ್ರ, ಹಿತ್ತಾಳಿ, ಅಲ್ಯೂಮಿನಿಯಂ ಬ್ಯಾಡೇ ಬ್ಯಾಡ. ಹಣ್ಣಿನ ಹುಳಿಗೆ ಲೋಹ ಕರಗ್ತದ. ಸ್ಟೀಲ್ ಡಬ್ಬಿ ನಡೀತದ, ಬಾಯಿತನಕ ತುಂಬ್ರಿ. ನೀರಿನ ಪ್ಲಾಸ್ಟಿಕ್ ಬಾಟ್ಲಿಯ ಗೋಡಿಯೊಳಗಿಂದ ಆಮ್ಲಜನಕ ಸಣ್ಣಗ ನುಸುಳ್ತದ. ಜಲ್ದಿ ಮುಗಿಸೋ ವೈನಿಗೆ ಮಾತ್ರ ಅದು ಸೈ.

ನನ್ನ ಕೇಳಿದ್ರ, ಎಲ್ಲಕ್ಕಿಂತ ಚಲೋ ಉಪಾಯ ಪೆಟ್ಟಿಗಿಯೊಳಗಿನ ಚೀಲ. 1965ರಾಗ ಆಸ್ಟ್ರೇಲಿಯಾದ ಥಾಮಸ್ ಆ್ಯಂಗೋವ್ ಇದಕ್ಕ ಪೇಟೆಂಟ್ ಪಡೆದ್ರು. ಈಗಿನ ಚೀಲಕ್ಕ ನಳ ಇರ್ತದ. ನಳ ತಿರುವಿದ್ರ ವೈನ್ ಹೊರಗ ಬರ್ತದ, ಚೀಲ ಕುಗ್ತದ, ಗಾಳಿಗೆ ಒಳಗ ಜಾಗಾನೇ ಸಿಗಂಗಿಲ್ಲ. ಹಿಂಗಾಗಿ ತೆರೆದ ಮ್ಯಾಲೂ ವಾರಗಟ್ಟಲೆ ತಾಳ್ತದ.

ಯಾವುದ್ರಾಗ ತುಂಬಿದ್ರೂ, ವೈನ್ ಹುದುಗಿ ಗುಳ್ಳಿ ಏಳೋದು ಪೂರಾ ನಿಲ್ಲೋತನಕ ಬಿಗಿಯಾಗಿ ಮುಚ್ಚಬ್ಯಾಡ್ರಿ. ಒಳಗಿನ ಕಾರ್ಬನ್ ಡೈಆಕ್ಸೈಡ್ ಒತ್ತಡಕ್ಕ ಚೀಲ ಹರೀತದ, ಡಬ್ಬಿ ಮುಚ್ಚಳ ಸಿಡೀತದ.