ನಡುಗುವ ಸ್ಟೀರಿಂಗ್, ಒಣಗಿದ ಕೆಸರು

ಮಳೆಗಾಲದಲ್ಲಿ ಸಕಲೇಶಪುರದ ಕಾಫಿ ತೋಟಗಳಲ್ಲಿ ಎರಡು ದಿನ ಓಡಾಡಿದ ಕಾರು ಬೆಂಗಳೂರಿಗೆ ಹೊರಡುತ್ತದೆ. ಹಾಸನ ದಾಟಿ ವೇಗ 80 ಮುಟ್ಟುತ್ತಲೇ ಸ್ಟೀರಿಂಗ್ ನಡುಗತೊಡಗುತ್ತದೆ. 90ಕ್ಕೆ ಜೋರು, 100ರ ಹತ್ತಿರ ತುಸು ತಗ್ಗು. ನೆಲಮಂಗಲ ಬರುವಷ್ಟರಲ್ಲಿ ಕಾರಿನಲ್ಲಿದ್ದವರೆಲ್ಲ ಒಂದೊಂದು ರೋಗ ಹೆಸರಿಸಿ ಆಗಿರುತ್ತದೆ: ಅಲೈನ್‌ಮೆಂಟ್ ಹೋಗಿದೆ, ಸಸ್ಪೆನ್ಷನ್ ಸಡಿಲವಾಗಿದೆ, ಇಂಜಿನ್ ಮೌಂಟಿಂಗ್ ಮುರಿದಿದೆ. ಎಷ್ಟೋ ಸಲ ನಿಜವಾದ ಕಾರಣ, ರಿಮ್ಮಿನ ಒಳಮೈಗೆ ಮೆತ್ತಿಕೊಂಡು ಒಣಗಿದ ಒಂದು ಹಿಡಿ ಕೆಸರು. ಪೈಪ್ ಹಿಡಿದು ತೊಳೆದರೆ ಕಾಯಿಲೆ ವಾಸಿ.

ಸದ್ದು, ನಡುಕ ಎರಡೂ ಒಂದೇ ಕುಲದವು. ಯಾವುದೋ ಭಾಗ ಅಲುಗುತ್ತಿರುತ್ತದೆ; ಸೆಕೆಂಡಿಗೆ ಸುಮಾರು 20 ಸಲಕ್ಕಿಂತ ಕಡಿಮೆಯಾದರೆ ಕೈಗೆ, ಬೆನ್ನಿಗೆ ತಿಳಿಯುತ್ತದೆ, ಹೆಚ್ಚಾದರೆ ಕಿವಿಗೂ ಕೇಳುತ್ತದೆ. ವ್ಯಾಖ್ಯೆ ಇಷ್ಟು ಸಾಕು.

ಕಟಕಟ, ಗರಗರ, ಕಿರ್ರ್, ಗುಂಯ್: ಕನ್ನಡದ ಅನುಕರಣಾವ್ಯಯಗಳು ಗ್ಯಾರೇಜಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತವೆ. ಆದರೂ ಮೆಕ್ಯಾನಿಕ್‌ಗೆ ಅದಕ್ಕಿಂತ ಬೇಕಾದದ್ದು, ಸದ್ದು ಯಾವುದರ ಜೊತೆ ಏರಿಳಿಯುತ್ತದೆ ಎಂಬ ಸುದ್ದಿ. ಇಂಜಿನ್ನಿನ ಜೊತೆಗೋ, ಚಕ್ರದ ಜೊತೆಗೋ, ಬ್ರೇಕ್ ಒತ್ತಿದಾಗಲೋ, ತಿರುವಿನಲ್ಲೋ? ಸಮತಟ್ಟಾದ ಖಾಲಿ ರಸ್ತೆಯಲ್ಲಿ ಅದೇ ವೇಗ ಕಾಯ್ದುಕೊಂಡು ನಾಲ್ಕನೇ ಗೇರಿನಿಂದ ಮೂರಕ್ಕೆ ಇಳಿಸಿದರೆ ಚಕ್ರ ಮೊದಲಿನಷ್ಟೇ ತಿರುಗುತ್ತದೆ, ಇಂಜಿನ್ ಮಾತ್ರ ಹೆಚ್ಚು ತಿರುಗುತ್ತದೆ. ಸದ್ದಿನ ಶ್ರುತಿಯೂ ಏರಿತೆಂದರೆ ಹುಡುಕಬೇಕಾದದ್ದು ಇಂಜಿನ್ ಕಡೆ. ಏರದಿದ್ದರೆ ಚಕ್ರದ ಕಡೆ. ಓಡುವಾಗ ಕೀಲಿ ತಿರುಗಿಸಿ ಇಂಜಿನ್ ಆರಿಸಿ ನೋಡುವವರೂ ಇದ್ದಾರೆ. ಇದು ಪ್ರಾಣಾಪಾಯದ ಕೆಲಸ. ಪವರ್ ಸ್ಟೀರಿಂಗಿನ ನೆರವು ನಿಂತುಹೋಗುತ್ತದೆ, ಬ್ರೇಕಿನ ನೆರವು ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ.

ಮತ್ತೆ ಕೆಸರಿನ ಕಥೆಗೆ. ಸಣ್ಣ ಕಾರಿನ ಚಕ್ರ ಒಂದು ಸುತ್ತಿಗೆ ಸುಮಾರು 1.9 ಮೀಟರ್ ಸಾಗುತ್ತದೆ. ಗಂಟೆಗೆ 90 ಕಿಲೋಮೀಟರ್ ಎಂದರೆ ಸೆಕೆಂಡಿಗೆ 25 ಮೀಟರ್, ಅಂದರೆ 13 ಸುತ್ತು. 14 ಇಂಚಿನ ರಿಮ್ಮಿನ ಅಂಚಿನಲ್ಲಿ ಬರೀ 30 ಗ್ರಾಂ ಹೆಚ್ಚಿದ್ದರೂ ಆ ವೇಗದಲ್ಲಿ ಅದು ಚಕ್ರವನ್ನು ಸುಮಾರು ಮೂರೂಮುಕ್ಕಾಲು ಕಿಲೋ ತೂಕದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ಸೆಕೆಂಡಿಗೆ 13 ಸಲ, ಮೇಲೆ, ಮುಂದೆ, ಕೆಳಗೆ, ಹಿಂದೆ! ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 45ರಲ್ಲಿ ಅದೇ ಎಳೆತ ಕಾಲುಭಾಗ ಮಾತ್ರ; ಊರೊಳಗೆ ಯಾರಿಗೂ ಗೊತ್ತಾಗುವುದಿಲ್ಲ.

ಹಾಗಿದ್ದರೆ 100ರಲ್ಲಿ ನಡುಕ ಇನ್ನೂ ಹೆಚ್ಚಬೇಕಲ್ಲ, ತಗ್ಗುವುದೇಕೆ? ಬಹಳ ಜನ ಎಡವುವ ಜಾಗ ಇದು, ವಿಷಯದ ಸೊಗಸೂ ಇಲ್ಲೇ ಇದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಕೈಯೂ ಅದನ್ನು ಎತ್ತರಕ್ಕೆ ಒಯ್ಯುತ್ತದೆ. ಲಯ ತಪ್ಪಿದರೆ ಬಲ ಹೆಚ್ಚಿದರೂ ಫಲವಿಲ್ಲ. ಟೈರು ಮತ್ತು ಸಸ್ಪೆನ್ಷನ್ನಿನ ನಡುವೆ ಕುಣಿಯುವ ಚಕ್ರಕ್ಕೂ ಒಂದು ಸ್ವಂತ ಲಯವಿದೆ: ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15 ಸಲ. ಕೆಸರಿನ ಎಳೆತ ಆ ಲಯಕ್ಕೆ ಕೂಡಿಕೊಂಡಾಗ ನಡುಕ ಉಕ್ಕುತ್ತದೆ, ದಾಟಿದ ಮೇಲೆ ಇಳಿಯುತ್ತದೆ. ಇದೇ ಅನುರಣನ.

ಅಲೈನ್‌ಮೆಂಟ್ ಎಂಬುದು ಚಕ್ರಗಳು ನಿಂತ ಕೋನದ ಲೆಕ್ಕ. ಅದು ಕೆಟ್ಟರೆ ಕಾರು ಒಂದೇ ಕಡೆಗೆ ಎಳೆಯುತ್ತದೆ, ಟೈರು ಒಂದು ಅಂಚಿನಲ್ಲಿ ಸವೆಯುತ್ತದೆ. ಆ ಎಳೆತ ನಿರಂತರವಾದದ್ದು, ಸುತ್ತಿಗೊಮ್ಮೆ ಬಡಿಯುವಂಥದ್ದಲ್ಲ. ನಡುಕಕ್ಕೆ ಕೇಳಬೇಕಾದ ಕೆಲಸ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ತೂಕವನ್ನು ಸುತ್ತಲೂ ಸಮ ಮಾಡುವುದು. ಸ್ಟೀರಿಂಗ್ ನಡುಗಿದರೆ ಮೊದಲ ಅನುಮಾನ ಮುಂದಿನ ಚಕ್ರಗಳ ಮೇಲೆ, ಸೀಟು ನಡುಗಿದರೆ ಹಿಂದಿನವುಗಳ ಮೇಲೆ. ಬ್ರೇಕ್ ಒತ್ತಿದಾಗಷ್ಟೇ ನಡುಗಿದರೆ ಡಿಸ್ಕ್ ನೋಡಿಸಬೇಕು. ಈಚೆಗೆ ಚಕ್ರ ಬಿಚ್ಚಿ ಹಾಕಿದ ಕಾರು ನಡುಗಿದರೆ ಅಲ್ಲೇ ನಿಲ್ಲಿಸಿ ನಟ್ಟುಗಳನ್ನು ನೋಡಬೇಕು.

ಸದ್ದಿಗೂ ಇದೇ ಜಾಡು. ವೇಗದೊಂದಿಗೆ ಏರುವ ಗುಂಯ್‌ಕಾರ ಟೈರಿನದೋ, ಬೇರಿಂಗಿನದೋ? ಬೆಂಗಳೂರಿನ ವೈಟ್ ಟಾಪಿಂಗ್ (ಕಾಂಕ್ರೀಟ್) ರಸ್ತೆಯಿಂದ ಡಾಂಬರಿಗೆ ಇಳಿದಾಗ ಟೈರಿನ ಸದ್ದು ಬದಲಾಗುತ್ತದೆ, ಬೇರಿಂಗಿನದು ಬದಲಾಗುವುದಿಲ್ಲ. ಎಡಕ್ಕೆ ತಿರುಗುವಾಗ ಭಾರ ಬಲಕ್ಕೆ ವಾಲುತ್ತದೆ. ಆಗ ಸದ್ದು ಜೋರಾದರೆ ಸಾಮಾನ್ಯವಾಗಿ ಬಲಚಕ್ರದ ಬೇರಿಂಗ್ ಸವೆದಿರುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನ ಸಾಗುವಾಗ ಬರುವ ಟಕಟಕ, ಮುಂದಿನ ಡ್ರೈವ್ ಶಾಫ್ಟಿನ ಕೀಲಿನದು. ಅದರ ರಬ್ಬರ್ ಚೀಲ ಹರಿದು, ಗ್ರೀಸ್ ಹೋಗಿ ಧೂಳು ಸೇರಿರುತ್ತದೆ. ಚೀಲ ಹರಿದ ಹೊಸತರಲ್ಲೇ ಕಂಡುಹಿಡಿದರೆ ಕೀಲು ಉಳಿದೀತು.

ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೇ 1822ರಲ್ಲಿ ಶಾಖದ ಹರಿವಿನ ಬಗ್ಗೆ ಪ್ರಕಟಿಸಿದ ಗ್ರಂಥದ ಗಣಿತ ಇಂದು ಕಲಸುಮೇಲೋಗರವಾದ ನಡುಕವನ್ನು ಎಳೆಎಳೆಯಾಗಿ ಬಿಡಿಸಿಕೊಡುತ್ತದೆ. ಮೊಬೈಲಿನಲ್ಲೂ ಅದನ್ನು ಮಾಡುವ ಆ್ಯಪ್‌ಗಳಿವೆ. ಪಕ್ಕದ ಸೀಟಿನವರು ಫೋನನ್ನು ಡ್ಯಾಶ್‌ಬೋರ್ಡಿಗೆ ಒತ್ತಿ ಹಿಡಿದಾಗ, 90ರ ವೇಗದಲ್ಲಿ ಪರದೆಯ ಮೇಲೆ ಸೆಕೆಂಡಿಗೆ 13 ಸಲದ ಬಳಿ ಗೆರೆ ಎದ್ದರೆ ಅದು ಚಕ್ರದ್ದು. ನಿಮಿಷಕ್ಕೆ 3000 ಸುತ್ತಿನಲ್ಲಿರುವ ಇಂಜಿನ್ನಿನ ಲೆಕ್ಕವೇ ಬೇರೆ: ನಾಲ್ಕು ಸಿಲಿಂಡರ್ ಆದರೆ ಸೆಕೆಂಡಿಗೆ 100 ಸ್ಫೋಟ, ಮೂರಾದರೆ 75. ಐಟಿಐ, ಪಾಲಿಟೆಕ್ನಿಕ್‌ಗಳ ಮಕ್ಕಳು ಪುಸ್ತಕದ ಫೂರಿಯೇಯನ್ನು ಈ ಡ್ಯಾಶ್‌ಬೋರ್ಡಿನ ಮೇಲೊಮ್ಮೆ ಭೇಟಿಯಾಗಲಿ. ಮುಂದಿನ ಪಾಠ ಅವರಿಗೆ ಆ ಗೆರೆಗಳೇ ಕಲಿಸುತ್ತವೆ: 13ರ ಜೊತೆ 26ರಲ್ಲೂ ಒಂದು ಗೆರೆ ಎದ್ದಿದ್ದರೆ, ಟೈರು ಸುತ್ತಿಗೆ ಎರಡು ಸಲ ಬಡಿಯುತ್ತಿದೆ, ಅದರ ದುಂಡು ಎಲ್ಲಿ ತಪ್ಪಿದೆ ಎಂದು ನೋಡಬೇಕು.