ವಿದೇಶ ವ್ಯಾಸಂಗದ ವೆಚ್ಚ: ಒಂದು ವಿವೇಚನೆ

ಜ್ಞಾನವನ್ನರಸಿ ಕಡಲು ದಾಟುವುದು ಮಲೆನಾಡಿಗೆ ಹೊಸತಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಜನಿಸಿದ ಯು. ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ನೆರವಿನಿಂದ ಇಂಗ್ಲೆಂಡಿಗೆ ತೆರಳಿ, 1966ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದರು. ಇಂದು ಶಿವಮೊಗ್ಗ, ಭದ್ರಾವತಿಗಳಿಂದ ಹೊರಡುವ ಅನೇಕ ತರುಣ ತರುಣಿಯರಿಗೆ ಬ್ಯಾಂಕಿನ ಸಾಲವೇ ಆಧಾರ. ಆದಕಾರಣ ವೆಚ್ಚದ ನಿಜಸ್ವರೂಪವನ್ನು ಮೊದಲೇ ಅರಿಯುವುದು ಅವಶ್ಯವಾಗಿದೆ.

ಬೋಧನಾ ಶುಲ್ಕವಿಷ್ಟೇ ವೆಚ್ಚವೆಂಬುದು ಮೊದಲನೆಯ ಭ್ರಮೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬಹುಮಟ್ಟಿಗೆ ಬೋಧನಾ ಶುಲ್ಕವೇ ಇಲ್ಲ. ಆದರೂ 2025ರ ನಿಯಮದಂತೆ, ವಿದ್ಯಾರ್ಥಿವೇತನ ಮೊದಲಾದ ಬೇರೆ ಆಧಾರವಿಲ್ಲದವರು ಒಂದು ವರ್ಷದ ಜೀವನೋಪಾಯಕ್ಕೆಂದು 11,904 ಯೂರೋಗಳನ್ನು ಪ್ರತ್ಯೇಕ ಖಾತೆಯಲ್ಲಿ ಮುಂಗಡವಾಗಿ ಇರಿಸಬೇಕು. ಅದರಿಂದ ತಿಂಗಳಿಗೆ 992 ಯೂರೋಗಳಷ್ಟೇ ಕೈಸೇರುತ್ತವೆ. ಯೂರೋ ಒಂದಕ್ಕೆ 100 ರೂಪಾಯಿಯಂತೆ ಎಣಿಸಿದರೆ ಈ ಮೊತ್ತ 11,90,400 ರೂಪಾಯಿ. ಭಾಷಾ ಪರೀಕ್ಷೆ, ವೀಸಾ, ಆರೋಗ್ಯ ವಿಮೆ, ವಿಮಾನಯಾನ, ಚಳಿಗಾಲದ ಉಡುಪು, ಕೊಠಡಿಯ ಮುಂಗಡ ಇವೆಲ್ಲ ಇದಕ್ಕೆ ಸೇರುವ ಬಾಬುಗಳು.

ಎರಡನೆಯದು ಬಡ್ಡಿ. ಸಾಮಾನ್ಯವಾಗಿ ವ್ಯಾಸಂಗ ಮುಗಿದು ಕೆಲಕಾಲದವರೆಗೆ ಸಾಲದ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ನಿದ್ರಿಸುವುದಿಲ್ಲ. 20 ಲಕ್ಷ ರೂಪಾಯಿಯನ್ನು ಶೇಕಡಾ 10ರ ಸರಳ ಬಡ್ಡಿಗೆ ಒಮ್ಮೆಗೇ ಪಡೆದು, ಎರಡು ವರ್ಷ ಓದಿ, ಮತ್ತೊಂದು ವರ್ಷ ತಡೆದರೆ, ಮೊದಲ ಕಂತಿನ ಹೊತ್ತಿಗೆ ಋಣ 26 ಲಕ್ಷವಾಗಿರುತ್ತದೆ.

ಮೂರನೆಯದು ವಿನಿಮಯ ದರ. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾದಾಗ ಡಾಲರಿನ ಬೆಲೆ 4.76 ರೂಪಾಯಿಯಿಂದ 7.50ಕ್ಕೆ ಏರಿತು. 1,000 ಡಾಲರ್ ಕಳುಹಿಸಲು 4,760 ರೂಪಾಯಿ ಸಾಕಾಗಿದ್ದ ತಂದೆಗೆ ಒಮ್ಮೆಲೇ 7,500 ರೂಪಾಯಿ ಬೇಕಾಯಿತು. ಅಂಥ ಹಠಾತ್ ಕುಸಿತ ಅಪರೂಪವಾದರೂ, ನಿಧಾನದ ಇಳಿಕೆಯೂ ಎರಡನೆಯ ವರ್ಷದ ಲೆಕ್ಕವನ್ನು ತಪ್ಪಿಸಬಲ್ಲದು.

ಎಲ್ಲಕ್ಕಿಂತ ಭಾರವಾದುದು ಆಧಾರದ ಪ್ರಶ್ನೆ. ದೊಡ್ಡ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಸ್ಥಿರಾಸ್ತಿಯನ್ನು ಕೇಳುತ್ತವೆ. ಕೃಷಿಭೂಮಿಯನ್ನು ಅನೇಕ ಬ್ಯಾಂಕುಗಳು ಒಪ್ಪುವುದಿಲ್ಲ. ಆಗ ಅಡಿಕೆ ತೋಟವಿದ್ದವರೂ ವಾಸದ ಮನೆಯ ಪತ್ರವನ್ನೇ ಒಪ್ಪಿಸಬೇಕಾಗುತ್ತದೆ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಕಾರ್ಯಾರಂಭ ಮಾಡಿದಂದಿನಿಂದ ದುಡಿಮೆಯ ಊರೆನಿಸಿದ ಭದ್ರಾವತಿಯಲ್ಲಿ, ಕಾರ್ಮಿಕನ ಮನೆಯೆಂದರೆ ಒಂದು ಜೀವಮಾನದ ಕಾಯಕದ ಫಲ. ಮಗನಿಗೋ ಮಗಳಿಗೋ ಉದ್ಯೋಗ ದೊರೆಯುವುದು ತಡವಾದರೆ ಅಪಾಯಕ್ಕೊಳಗಾಗುವುದು ಆ ಫಲವೇ.

ಹಾಗೆಂದು ಹೋಗಬಾರದೆಂದಲ್ಲ. ಅರ್ಜಿ ಹಾಕುವ ಮೊದಲೇ ಇಡೀ ವ್ಯಾಸಂಗದ ವೆಚ್ಚ, ಬಡ್ಡಿ, ವಿನಿಮಯ ದರದ ಏರಿಳಿತಗಳನ್ನು ಒಂದೇ ಹಾಳೆಯಲ್ಲಿ ಬರೆದು, ಮನೆಮಂದಿಯೆಲ್ಲ ಕುಳಿತು ನೋಡಬೇಕು. ವಿದ್ಯಾರ್ಥಿವೇತನಗಳಿಗೆ ಒಂದು ವರ್ಷ ಮುಂಚಿತವಾಗಿಯೇ ಪ್ರಯತ್ನಿಸಬೇಕು. ಹೊರನಾಡಿನಲ್ಲಿರುವ ಹಿರಿಯ ವಿದ್ಯಾರ್ಥಿಗಳು ತಮ್ಮ ಖರ್ಚಿನ ನಿಜವಾದ ಲೆಕ್ಕವನ್ನು ಶಾಲೆಗೆ ಬರೆದು ತಿಳಿಸಿದರೆ, ಅದೂ ಒಂದು ದಾಸೋಹವೇ. ದಾನಿಗಳು ಪರೀಕ್ಷಾ ಶುಲ್ಕಕ್ಕೋ ಪ್ರಯಾಣಕ್ಕೋ ನೆರವಾದರೆ, ಒಂದು ಮನೆಯ ಸಾಲ ಅಷ್ಟರಮಟ್ಟಿಗೆ ಹಗುರವಾದೀತು.