ಉಣ್ಣದ ಅತಿಥಿ

ಜೂನ್ ತಿಂಗಳ ಮೊದಲ ಮಳೆಗಳು ಬಿದ್ದ ಮೇಲೆ ಶಿಕಾರಿಪುರ, ಸೊರಬ ಸೀಮೆಯ ಕಾಡಂಚಿನ ಮನೆಗಳ ದೀಪಕ್ಕೆ ಅಂಗೈಯಗಲಕ್ಕೂ ಮಿಗಿಲಾದ ಪತಂಗವೊಂದು ಬಂದೆರಗುವುದುಂಟು. ಅದರ ನಾಲ್ಕು ರೆಕ್ಕೆಗಳಲ್ಲಿಯೂ ಗಾಜಿನ ಕಿಟಕಿಯಂತಹ ಒಂದೊಂದು ಪಾರದರ್ಶಕ ಕಣ್ಣು. ಇದೇ ಟಸರ್ ರೇಷ್ಮೆಯ ಪತಂಗ.

ಮನುಷ್ಯನ ಆಶ್ರಯದಲ್ಲಿ ಬೆಳೆಯುವ ಹಿಪ್ಪುನೇರಳೆ ಹುಳುವಿನ ಪತಂಗ ಹಾರುವುದನ್ನೇ ಮರೆತಿದೆ. ಟಸರಿಗಾದರೋ ಕಾಡೇ ಮನೆ, ಮತ್ತಿಯ ಮರವೇ ಅನ್ನದ ಬಟ್ಟಲು. ಮೊಟ್ಟೆಯೊಡೆದು ಹೊರಬಂದ ಹುಳು ಎಡೆಬಿಡದೆ ಎಲೆ ತಿನ್ನುತ್ತದೆ. ಬಿಗಿಯಾದ ಚರ್ಮವನ್ನು ನಾಲ್ಕು ಬಾರಿ ಕಳಚಿ ಬೆರಳು ದಪ್ಪನೆಯ ಹಸಿರು ಹುಳುವಾಗುತ್ತದೆ. ಅನಂತರ ರೇಷ್ಮೆಯ ತೊಟ್ಟೊಂದನ್ನು ಕಡ್ಡಿಗೆ ಉಂಗುರದಂತೆ ಬಿಗಿದು, ಮೊಟ್ಟೆಯಾಕಾರದ ಗಟ್ಟಿ ಗೂಡನ್ನು ನೇತುಬಿಟ್ಟು, ಒಳಗೆ ಕೋಶವಾಗಿ ಮಲಗುತ್ತದೆ. ಮತ್ತಿಯ ಎಲೆ ಉದುರಿದರೂ ಗೂಡು ಉದುರದು. ಬೇಸಗೆಯನ್ನೆಲ್ಲ ಹಾಗೆಯೇ ಕಳೆದ ಜೀವ ಮಳೆಯ ಕಾಲಕ್ಕೆ ಒಂದು ರಸವನ್ನು ಸ್ರವಿಸಿ, ಗೂಡಿನ ತುದಿಯನ್ನು ಮೆತ್ತಗೆ ಮಾಡಿಕೊಂಡು, ಪತಂಗವಾಗಿ ಹೊರಬರುತ್ತದೆ.

ಆದರೆ ಉಣ್ಣಲು ಅದಕ್ಕೆ ಬಾಯಿಲ್ಲ! ಹುಳುವಾಗಿದ್ದಾಗ ತಿಂದ ಎಲೆಯೇ ಕಡೆಯವರೆಗಿನ ಬುತ್ತಿ. ಅದು ತೀರುವ ಸುಮಾರು ಒಂದು ವಾರದೊಳಗೆ ಗಂಡು ಹೆಣ್ಣನ್ನು ಸೇರಬೇಕು. ಹೆಣ್ಣು ಕುಳಿತಲ್ಲಿಂದಲೇ ಗಾಳಿಗೆ ಕಂಪು ಬಿಡುತ್ತದೆ; ಗಂಡು ಗರಿಯಂತಹ ಕುಡಿಮೀಸೆಗಳಿಂದ ಅದನ್ನು ಗ್ರಹಿಸಿ ಕತ್ತಲಲ್ಲಿ ಹಾರಿಬರುತ್ತದೆ. ಫ್ರಾನ್ಸಿನ ಕೀಟತಜ್ಞ ಫಾಬ್ರ್, ಇದೇ ಮನೆತನದ, ಯೂರೋಪಿನಲ್ಲೆಲ್ಲ ದೊಡ್ಡದಾದ ನವಿಲುಗಣ್ಣಿನ ಪತಂಗದ ಹೆಣ್ಣೊಂದನ್ನು ಜಾಲರಿಯ ಕೆಳಗೆ ಇರಿಸಿದಾಗ, ಆ ರಾತ್ರಿಯೇ ಸುಮಾರು 40 ಗಂಡುಗಳು ಮನೆಯೊಳಕ್ಕೆ ನುಗ್ಗಿದುವು. ಇಂತಹ ಕಂಪಿನ ರಾಸಾಯನಿಕ ಗುಟ್ಟನ್ನು ಮೊದಲು ಬಿಡಿಸಿದವನು ಜರ್ಮನಿಯ ಬುಟೆನಾಂಟ್. ಅದಕ್ಕಾಗಿ ಸುಮಾರು 5 ಲಕ್ಷ ಹಿಪ್ಪುನೇರಳೆ ರೇಷ್ಮೆ ಪತಂಗಗಳು ಬೇಕಾದುವು. 1959ರಲ್ಲಿ ಫಲ ದೊರೆಯಿತು.

ಇಷ್ಟು ಸೂಕ್ಷ್ಮವಾದ ದಾರಿಯನ್ನು ನಮ್ಮ ಒಂದು ದೀಪ ಕೆಡಿಸಿಬಿಡುತ್ತದೆ. ಹಾರುವ ಕೀಟಗಳು ಬೆಳಕಿರುವ ಕಡೆಯೇ ಆಕಾಶವೆಂಬಂತೆ ಬೆನ್ನನ್ನು ಅತ್ತ ತಿರುಗಿಸುತ್ತವೆ, ಆದುದರಿಂದಲೇ ದೀಪದ ಸುತ್ತ ಸಿಕ್ಕಿಬೀಳುತ್ತವೆ ಎಂದು 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ವಾರದ ಆಯುಷ್ಯದಲ್ಲಿ ಒಂದು ರಾತ್ರಿ ಹಾಳಾಗುವುದೆಂದರೆ ಅಲ್ಪ ನಷ್ಟವೇ?

ಮಲೆನಾಡಿನ ನೆಂಟರ ಮನೆಗೆ ಹೋದಾಗ ಜಗುಲಿಯ ಗೋಡೆಯ ಮೇಲೆ ಈ ಪತಂಗವನ್ನು ಕಂಡರೆ ಮಕ್ಕಳನ್ನು ಕರೆದು ತೋರಿಸಿರಿ. ಬಳಿಕ ದೀಪವನ್ನು ಆರಿಸಿಬಿಡಿರಿ. ಊಟ ಬೇಡದ ಈ ಅತಿಥಿಗೆ ನಾವು ಮಾಡಬಹುದಾದ ಉಪಚಾರವೆಂದರೆ ಅದೊಂದೇ.